ಲಾರಿ ಹತ್ತಿದ ಆನೆಗೆ ಜೊತೆ ಯಾರು?

ವಿಜಯನಗರದ ಪಾಠ ಬಂದಾಗಲೆಲ್ಲ ನಾನು ಮಕ್ಕಳಿಗೆ ಕುದುರೆಬಾಲದ ಕಥೆಯೊಂದನ್ನು ಹೇಳುವುದುಂಟು. ಸಾಳುವ ನರಸಿಂಹನಿಗೆ ಕುದುರೆಗಳ ಹಂಬಲ ಎಷ್ಟಿತ್ತೆಂದರೆ, ಹೊರ್ಮುಜ್ ಮತ್ತು ಏಡನ್ ಕಡೆಯಿಂದ ಹಡಗಿನಲ್ಲಿ ಬರುವಾಗ ಸಮುದ್ರದಲ್ಲೇ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕು. ಇದನ್ನು ಬರೆದಿಟ್ಟವನು ಪೋರ್ಚುಗೀಸರ ಫೆರ್ನಾವ್ ನೂನಿಜ್. ಅವನೂ ಕುದುರೆ ವ್ಯಾಪಾರಿಯೇ ಆದ್ದರಿಂದ ಬಾಲದ ಲೆಕ್ಕ ಚೆನ್ನಾಗಿ ಗೊತ್ತಿದ್ದಿರಬೇಕು.

ಮಕ್ಕಳು ಸಾಮಾನ್ಯವಾಗಿ ನಗುತ್ತಾರೆ. ಒಂದು ವರ್ಷ ಮಾತ್ರ ಆಲೂರು ಕಡೆಯ ಹುಡುಗಿಯೊಬ್ಬಳು ನಗಲಿಲ್ಲ. “ಮಿಸ್, ಅವು ಹೆದರಿಕೊಂಡೇ ಸತ್ತುಹೋದ್ವಾ?” ಎಂದು ಕೇಳಿದಳು. ಅದು 2014. ತಮ್ಮೂರಿನ ಹತ್ತಿರ ಆನೆಯನ್ನು ಲಾರಿಗೆ ಹತ್ತಿಸುವುದನ್ನು ಅವಳು ಕಣ್ಣಾರೆ ಕಂಡು ಬಂದಿದ್ದಳು.

ಹೆದರಿಕೆಯೂ ಒಂದು ಕಾರಣವೇ. ಕುದುರೆಗೆ ನಮ್ಮಂತೆ ವಾಂತಿ ಮಾಡಿ ಹಗುರಾಗುವ ಭಾಗ್ಯವಿಲ್ಲ. ತಲೆ ಬಗ್ಗಿಸಲಾಗದಂತೆ ಬಹಳ ಹೊತ್ತು ಕಟ್ಟಿಹಾಕಿದರೆ ಮೂಗು ಗಂಟಲಿನ ದೂಳು, ಕಫ ಕೆಳಗಿಳಿಯದೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಬೆದರಿದ ಪ್ರಾಣಿ ನೀರನ್ನೂ ಮುಟ್ಟುವುದಿಲ್ಲ. ಇಂದಿಗೂ ರೇಸಿನ ಕುದುರೆಗಳನ್ನು ವ್ಯಾನಿನಲ್ಲಿ ಸಾಗಿಸುವವರು ನಡುನಡುವೆ ನಿಲ್ಲಿಸಿ ನೀರು ಕುಡಿಸುವುದು, ತಲೆ ಇಳಿಸಲು ಬಿಡುವುದು ಇದಕ್ಕಾಗಿಯೇ.

ಆದರೆ ಆ ಹುಡುಗಿಯ ಮನಸ್ಸಿನಲ್ಲಿದ್ದದ್ದು ಆನೆ. ನಮ್ಮ ಸಕಲೇಶಪುರ, ಆಲೂರು ಸೀಮೆಯ ಯಾವ ಮಾತೂ ಕಡೆಗೆ ಆನೆಯ ಹತ್ತಿರವೇ ಬಂದು ನಿಲ್ಲುತ್ತದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹೇಮಾವತಿಯ ನೀರು ನಿಂತಿತು. ಮುಳುಗಡೆಯಾದವರಿಗೆ ಬೇರೆ ಕಡೆ ಜಮೀನು ಬೇಕಾಯಿತು, ಕಾಡು ಕರಗಿತು. ಕಾಫಿ ತೋಟ, ಭತ್ತದ ಗದ್ದೆ, ಅಕೇಶಿಯಾ ನೆಡುತೋಪುಗಳ ನಡುವೆ ಉಳಿದ ಚೂರುಪಾರು ಕಾಡಿನಲ್ಲಿ ಆನೆಗಳು ಸಿಕ್ಕಿಕೊಂಡವು. ಗದ್ದೆ ಹೋಯಿತು, ಬಾಳೆ ಹೋಯಿತು, ತೋಟಕ್ಕೆ ಕೂಲಿಗೆ ಹೋದ ಜನರ ಪ್ರಾಣವೂ ಹೋಯಿತು. ಪಟ್ಟಣದ ಮನೆಯಲ್ಲಿ ಕುಳಿತು ಆನೆಯನ್ನು ಗಣಪತಿಯೆಂದು ಕೈಮುಗಿಯುವ ನಮಗೆ, ಮುಂಜಾನೆ ಮಂಜಿನಲ್ಲಿ ಕಾಫಿ ಕೊಯ್ಲಿಗೆ ಹೊರಟ ಹೆಂಗಸಿನ ಎದೆಬಡಿತ ತಿಳಿಯುವುದು ಕಷ್ಟ.

2012ರಲ್ಲಿ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯ ಕಾರ್ಯಪಡೆ, ಈ ತುಂಡು ಕಾಡಿನಲ್ಲಿ ಆನೆಗಳು ಬಾಳಲಾರವು, ಹಿಡಿದು ತೆಗೆಯಬೇಕು ಎಂದು ವರದಿ ಕೊಟ್ಟಿತು. 2014ರಲ್ಲಿ 22 ಆನೆಗಳನ್ನು ಹಿಡಿದರು.

ಹಿಂದೆ ಹಿಡಿದ ಆನೆ ಲಾರಿ ಕಂಡಿರಲಿಲ್ಲ. 1870ರ ದಶಕದಲ್ಲಿ ಸ್ಯಾಂಡರ್ಸನ್ ಸಾಹೇಬ ಮೈಸೂರು ಸೀಮೆಯಲ್ಲಿ ಖೆಡ್ಡಾ ಆರಂಭಿಸಿದ ಮೇಲೆ, 1971ರ ಕಾಕನಕೋಟೆಯ ಕಡೆಯ ಖೆಡ್ಡಾದವರೆಗೂ, ಹಗ್ಗ ಬಿದ್ದ ಕಾಡಾನೆಯನ್ನು ಪಳಗಿದ ಆನೆಗಳ ನಡುವೆ ಕಟ್ಟಿ ನಡೆಸಿಕೊಂಡು ಹೋಗುತ್ತಿದ್ದರು. ಖೆಡ್ಡಾ ಕರುಣೆಯ ಕೆಲಸವೆಂದು ನಾನು ಹೇಳಲಾರೆ. ಕಾಲಿಗೆ ಹಗ್ಗ ಕೊರೆದು ಗಾಯವಾಗುತ್ತಿತ್ತು, ಎಷ್ಟೋ ಆನೆಗಳು ಸತ್ತವು. ಆದರೂ ನಡೆಯುವಾಗ ಕಾಲಡಿಯಲ್ಲಿ ಮಣ್ಣಿತ್ತು, ಪಕ್ಕದಲ್ಲಿ ಇನ್ನೊಂದು ಆನೆಯ ಮೈಬಿಸಿ ಇತ್ತು. ಹೊಸ ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗ ಜೊತೆಗೆ ಅಜ್ಜಿಯನ್ನೋ ಚಿಕ್ಕ ತಂಗಿಯನ್ನೋ ಕಳಿಸುತ್ತಿದ್ದರಲ್ಲ, ಹಾಗೆ.

ಲಾರಿ ಬಂದು ಆ ಜೊತೆಯನ್ನು ಕಿತ್ತುಕೊಂಡಿತು. ಈಗಿನ ಕ್ರಮ ಹೀಗೆ: ವೈದ್ಯರು ದೂರದಿಂದ ಅರಿವಳಿಕೆಯ ಸೂಜಿ ಹಾರಿಸುತ್ತಾರೆ. ಆನೆ ನಿಂತಲ್ಲೇ ಮಂಪರಾಗಬೇಕೇ ವಿನಾ ಎದೆಯ ಮೇಲೆ ಕುಸಿದು ಬೀಳಬಾರದು. ಬಿದ್ದರೆ ಅದರ ಭಾರವೇ ಅದರ ಉಸಿರನ್ನು ಒತ್ತುತ್ತದೆ. ಔಷಧಿಯಿಂದ ಮೈ ಕಾಯುವುದರಿಂದ ತಲೆಗೂ ಕಿವಿಗೂ ನೀರು ಸುರಿಯುತ್ತಲೇ ಇರುತ್ತಾರೆ, ಕಣ್ಣಿಗೆ ಬಟ್ಟೆ ಮುಚ್ಚುತ್ತಾರೆ. ಸಾಕಾನೆಗಳು ಮುಂದಿನಿಂದ ಎಳೆದು, ಹಿಂದಿನಿಂದ ಹಣೆಯಿಂದ ನೂಕಿ ಲಾರಿಗೆ ಹತ್ತಿಸುತ್ತವೆ. ಆಮೇಲೆ ಮಂಪರು ಇಳಿಸುವ ಔಷಧಿ. ದಿಮ್ಮಿಗಳ ಚೌಕಟ್ಟಿನೊಳಗೆ ಎಚ್ಚರಾದಾಗ ಕಾಲಡಿಯಲ್ಲಿ ಅಲುಗಾಡುವ ನೆಲ, ಡೀಸೆಲ್ ವಾಸನೆ. ಪಾದದಿಂದಲೇ ನೆಲದ ನಡುಕವನ್ನು ಅರಿಯಬಲ್ಲ ಪ್ರಾಣಿಗೆ ಅದು ಎಂಥ ಗಾಬರಿಯೋ!

ಸಾಕಿದ ಆನೆಗೂ ಲಾರಿ ಸುಲಭವಲ್ಲ. ದಸರೆಯ ಆನೆಗಳು ಒಂದು ಕಾಲಕ್ಕೆ ಕಾಡಿನಿಂದ ಮೈಸೂರಿಗೆ ನಡೆದೇ ಬರುತ್ತಿದ್ದವು. ಈಗ ಲಾರಿಯಲ್ಲಿ ಬರುತ್ತವೆ. ಲಾರಿಯ ಹಿಂಬದಿಯನ್ನು ಮಣ್ಣಿನ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿ, ಆನೆ ಮೆಟ್ಟಿಲು ಹತ್ತುವ ಕಷ್ಟವಿಲ್ಲದೆ ಒಳಗೆ ಹೋಗುವಂತೆ ಮಾಡುತ್ತಾರೆ. ಹೊಸ ಆನೆ ಹಿಂಜರಿದರೆ ಹಳಬನನ್ನು ಮುಂದೆ ತೋರಿಸುತ್ತಾರೆ. ಕಬ್ಬು, ಬೆಲ್ಲ, ಭತ್ತದ ಹುಲ್ಲಿನಲ್ಲಿ ಕಟ್ಟಿದ ಕುಸುರೆ ಬಾಯಿಗೆ ಬೀಳುತ್ತದೆ. ಮುಖ್ಯವಾಗಿ ಮಾವುತನೂ ಕಾವಾಡಿಯೂ ಜೊತೆಯಲ್ಲೇ ಬರುತ್ತಾರೆ. ಇವರಲ್ಲಿ ಅನೇಕರು ಜೇನುಕುರುಬರು. ದಾರಿಯುದ್ದಕ್ಕೂ ಮಾತಾಡಿಸುತ್ತಲೇ ಇರುತ್ತಾರೆ. ಆನೆಗೆ ಮಾತಿನ ಅರ್ಥಕ್ಕಿಂತ ಆ ದನಿ ನಿಲ್ಲದಿರುವುದೇ ದೊಡ್ಡದು. ತೊಟ್ಟಿಲಿನ ಮಗುವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

2009ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಪರೀಕ್ಷೆಯೊಂದು ನನಗೆ ಬಹಳ ಹಿಡಿಸಿತು. ಕುದುರೆಗಳನ್ನು ಗಾಡಿಯಲ್ಲಿ ಒಮ್ಮೆ ಒಂಟಿಯಾಗಿ, ಒಮ್ಮೆ ಇನ್ನೊಂದು ಕುದುರೆಯ ಜೊತೆ, ಒಮ್ಮೆ ಎದುರಿಗೆ ಕನ್ನಡಿ ಇಟ್ಟು ಸಾಗಿಸಿದರು. ಜೊತೆ ಇದ್ದಾಗ ಹೆಚ್ಚು ಶಾಂತ. ಒಂಟಿಯಾಗಿ ಇರುವುದಕ್ಕಿಂತ ಕನ್ನಡಿಯೂ ವಾಸಿ. ಪಾಪ, ತನ್ನ ನೆರಳನ್ನೇ ಗೆಳೆಯನೆಂದು ನಂಬಿ ನಿಂತಿತೋ ಏನೋ.

ಹಿಡಿದ ಕಾಡಾನೆಗೆ ಕನ್ನಡಿಯೂ ಇಲ್ಲ, ಬಲ್ಲ ದನಿಯೂ ಇಲ್ಲ. ಹೆಣ್ಣಾನೆಗಳು ಅಕ್ಕ, ಚಿಕ್ಕಮ್ಮ, ಮರಿಗಳೆಂದು ಸಂಸಾರ ಕಟ್ಟಿಕೊಂಡು ಬದುಕುವಂಥವು. ಅದನ್ನು ಎಷ್ಟು ನಾಜೂಕಾಗಿ ಸಾಗಿಸಿದರೂ ಜೊತೆ ತುಂಡಾದ ಸಂಕಟಕ್ಕೆ ಮದ್ದಿಲ್ಲ. ಶ್ರೀಲಂಕೆಯಲ್ಲಿ ಹೀಗೆ ಸಾಗಿಸಿ ಬೇರೆ ಕಾಡಿಗೆ ಬಿಟ್ಟ ಗಂಡಾನೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ನೋಡಿದಾಗ, ಕೆಲವು ನಡೆದು ನಡೆದು ಹಳೆಯ ಜಾಗಕ್ಕೇ ಮರಳಿದ್ದವು, ಕೆಲವು ದಿಕ್ಕೆಟ್ಟು ಅಲೆದಿದ್ದವು. ನಮ್ಮಲ್ಲೂ 22 ಆನೆಗಳು ಹೋದ ಮೇಲೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಆಮೇಲೆ ಕೆಲವು ಆನೆಗಳಿಗೆ ಪಟ್ಟಿ ತೊಡಿಸಿ, ಅವು ಎಲ್ಲಿವೆಯೆಂದು ಊರಿನವರ ಮೊಬೈಲಿಗೆ ಸಂದೇಶ ಕಳಿಸುವ, ರಸ್ತೆಬದಿಯ ಫಲಕದಲ್ಲಿ ತೋರಿಸುವ ಏರ್ಪಾಡು ಬಂತು. ಸಾಗಿಸುವುದಕ್ಕಿಂತ ಇದು ಮೇಲು ಎಂಬುದು ನನ್ನ ಎಣಿಕೆ. ಸಂದೇಶ ನೋಡಿ ಮಕ್ಕಳನ್ನು ಶಾಲೆಗೆ ಹೊರಡಿಸುವ ತಾಯಂದಿರೂ ಇದನ್ನು ಒಪ್ಪುತ್ತಾರೆ. ಗದ್ದೆ ಕಳೆದುಕೊಂಡವರು ಒಪ್ಪುವುದಿಲ್ಲ. ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಪಟ್ಟಿ ಕಟ್ಟಲೂ ಪುಂಡಾನೆ ಹಿಡಿಯಲೂ ಸಾಕಾನೆಗಳು ಬೇಕು, ಅವು ಬರಬೇಕಾದದ್ದು ಲಾರಿಯಲ್ಲೇ. 2023ರ ನವೆಂಬರಿನಲ್ಲಿ ಹಾಗೆ ಬಂದವುಗಳಲ್ಲಿ ಅರ್ಜುನನೂ ಇದ್ದ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತವನು, ಅರವತ್ತು ದಾಟಿದವನು, ಎಚ್.ಡಿ. ಕೋಟೆಯ ಬಳ್ಳೆ ಶಿಬಿರದವನು. ಲಾರಿಯ ದಾರಿ ಅವನಿಗೆ ಎಷ್ಟು ಸಲ ಆಗಿತ್ತೋ. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ಕಾಡಿನಲ್ಲಿ ಕಾಡಾನೆಯೊಂದರ ಜೊತೆ ಕಾದಾಡಿ ಅಲ್ಲೇ ಬಿದ್ದ. ಅವನ ಮಾವುತ ಏಳು, ಏಳು ಎಂದು ಗೋಳಾಡಿದ್ದನ್ನು ಟೀವಿಯಲ್ಲಿ ನೋಡಿದ ನಮ್ಮ ಬೀದಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾರನೆಯ ದಿನ ಅವನನ್ನು ದಬ್ಬಳ್ಳಿಕಟ್ಟೆಯಲ್ಲೇ ಮಣ್ಣು ಮಾಡಿದರು. ಉಳಿದ ಸಾಕಾನೆಗಳು ಲಾರಿ ಹತ್ತಿ ಶಿಬಿರಗಳಿಗೆ ಹಿಂದಿರುಗಿದವು.