ಘಟಸರ್ಪವೂ ನಾಗಕುಲವೂ

ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಸೀಮೆಯಲ್ಲಿ ವಳಕಮದಿನ್ನಿಯೇ ಮೊದಲಾಗಿ ‘ದಿನ್ನಿ’ ಎಂದು ಕೊನೆಗೊಳ್ಳುವ ಹೆಸರಿನ ಊರುಗಳುಂಟು. ದಿನ್ನಿ ಎಂದರೆ ಎತ್ತರವಾದ ನೆಲ, ಮಣ್ಣಿನ ದಿಬ್ಬ. ಹಾಳುಬಿದ್ದ ದಿಬ್ಬದೊಳಗೆ ನಿಧಿಯಿರುವುದೆಂತಲೂ, ಆ ನಿಧಿಯನ್ನು ಮುದಿಸರ್ಪವೊಂದು ಸುತ್ತಿಕೊಂಡು ಕಾಯುವುದೆಂತಲೂ ಕನ್ನಡ ನಾಡಿನಲ್ಲೆಲ್ಲ ಹಿರಿಯರು ಹೇಳುತ್ತ ಬಂದಿರುವರು. ರಾಯಚೂರು ಸೀಮೆಯಲ್ಲಿ ಈ ಮಾತಿಗೆ ಒಂದು ವಿಶೇಷವಾದ ಅರ್ಥವೂ ಉಂಟು. ಇಲ್ಲಿಯ ನೆಲದಲ್ಲಿ ಬಂಗಾರವಿರುವುದು ಸುಳ್ಳಲ್ಲ. ಹಟ್ಟಿಯ ಗಣಿಗಳು ಲಿಂಗಸೂಗೂರು ತಾಲೂಕಿನವೇ. ಮಸ್ಕಿಯಲ್ಲಿ ಅಶೋಕ ಚಕ್ರವರ್ತಿಯ ಹೆಸರುಳ್ಳ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬವನೂ ಬಂಗಾರದ ಗಣಿಯ ಎಂಜಿನಿಯರನೇ ಆಗಿದ್ದನು.

ನೆಲದೊಳಗಿನ ಸಂಪತ್ತನ್ನು ಸರ್ಪವು ಕಾಯುವುದೆಂಬ ಈ ಕಲ್ಪನೆಯು ಭರತಖಂಡಕ್ಕೆ ಮಾತ್ರ ಸೇರಿದುದಲ್ಲ. ಆಂಗ್ಲರ ಪ್ರಾಚೀನ ವೀರಕಾವ್ಯವಾದ ‘ಬೇವುಲ್ಫ್’ ಸುಮಾರು ಕ್ರಿ. ಶ. 1000ರ ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದುಬಂದಿದೆ. ಅದರಲ್ಲಿ ಒಂದು ಡ್ರ್ಯಾಗನ್, ಎಂದರೆ ಬೆಂಕಿಯುಗುಳುವ ಘಟಸರ್ಪವು, ಪುರಾತನವಾದ ಸಮಾಧಿದಿಬ್ಬದ ನಿಧಿಯನ್ನು ಮುನ್ನೂರು ವರ್ಷ ಕಾದಿರುತ್ತದೆ. ಒಬ್ಬನು ಅದರೊಳಗಿನ ಒಂದು ಬಟ್ಟಲನ್ನು ಕದ್ದುದರಿಂದ ಅದು ಕೆರಳಿ ಊರುಗಳನ್ನು ಸುಡುತ್ತದೆ. ಐವತ್ತು ವರ್ಷ ರಾಜ್ಯವಾಳಿದ ವೃದ್ಧನಾದ ಬೇವುಲ್ಫನು ಅದನ್ನು ಕೊಂದು ತಾನೂ ಮಡಿಯುತ್ತಾನೆ. ಪ್ರಜೆಗಳು ಆ ನಿಧಿಯನ್ನು ಅವನ ಗೋರಿಯಲ್ಲಿಯೇ ಹೂಳುತ್ತಾರೆ. ಮೊದಲು ಯಾರಿಗೂ ಉಪಯೋಗವಿಲ್ಲದಿದ್ದ ಸಂಪತ್ತು ಕಡೆಯಲ್ಲಿಯೂ ಯಾರಿಗೂ ಉಪಯೋಗವಾಗಲಿಲ್ಲ. ಇಲ್ಲಿ ಸರ್ಪವು ಲೋಭದ ಸಂಕೇತವೆಂಬುದು ಸ್ಪಷ್ಟವೇ ಇದೆ. ಸಂಸ್ಕೃತದಲ್ಲಿ ಸರ್ಪಕ್ಕೆ ‘ಭೋಗಿ’ ಎಂಬ ಹೆಸರುಂಟು. ‘ಭೋಗ’ವೆಂದರೆ ಹಾವಿನ ಹೆಡೆ ಅಥವಾ ಸುರುಳಿ, ಅನುಭವಿಸುವ ಸುಖವೂ ಹೌದು. ನಿಧಿಯ ಮೇಲೆ ಮಲಗಿದ ಭೋಗಿಗೆ ಮೊದಲನೆಯ ಭೋಗ ಮಾತ್ರ ಉಂಟು, ಎರಡನೆಯದು ಇಲ್ಲ.

ಡ್ರ್ಯಾಗನ್ ಎಂಬ ಶಬ್ದದ ಮೂಲವೂ ವಿಚಾರಾರ್ಹವಾಗಿದೆ. ಗ್ರೀಕರ ‘ದ್ರಾಕೋನ್’ ಎಂಬುದಕ್ಕೆ ದೊಡ್ಡ ಹಾವು ಎಂದಷ್ಟೇ ಅರ್ಥ. ಅದು ನೋಡುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಆ ಧಾತುವು ಸಂಸ್ಕೃತದ ‘ದೃಶ್’ ಧಾತುವಿನ ಸೋದರವೇ. ರೆಕ್ಕೆ, ಪಂಜ, ಬೆಂಕಿಯ ಉಸಿರುಗಳು ಅದಕ್ಕೆ ಆಮೇಲೆ ಬಂದ ಆಭರಣಗಳು. ಆದುದರಿಂದ ಪಾಶ್ಚಾತ್ಯರ ಡ್ರ್ಯಾಗನ್ನನ್ನೂ ಕನ್ನಡಿಗರ ನಾಗನನ್ನೂ ಎದುರುಬದುರಾಗಿ ಇಟ್ಟು ನೋಡುವುದು ಅಸಂಗತವಾಗಲಾರದು.

ಕ್ರೈಸ್ತಧರ್ಮವು ಯುರೋಪಿನಲ್ಲಿ ಹಬ್ಬಿದ ಮೇಲೆ ಈ ಸರ್ಪಕ್ಕೆ ಮತ್ತೊಂದು ಅರ್ಥವು ಬಲವಾಗಿ ಅಂಟಿಕೊಂಡಿತು. ಬೈಬಲ್ಲಿನ ಕಡೆಯ ಗ್ರಂಥವಾದ ಪ್ರಕಟನೆಯಲ್ಲಿ ಏಳು ತಲೆಯ ಘಟಸರ್ಪವನ್ನು ಸೈತಾನನೆಂದೇ ಹೇಳಿದೆ. 13ನೆಯ ಶತಮಾನದಲ್ಲಿ ಜಾಕೋಬಸ್ ಡಿ ವೊರಾಜಿನೆ ಎಂಬ ಇಟಲಿಯ ಪಾದ್ರಿಯು ಸಂಗ್ರಹಿಸಿದ ಸಂತರ ಕಥೆಗಳಲ್ಲಿ ಸಂತ ಜಾರ್ಜನ ವೃತ್ತಾಂತವು ಬರುತ್ತದೆ. ಊರಿನವರು ಸರ್ಪಕ್ಕೆ ಮೊದಲು ಕುರಿಗಳನ್ನೂ, ಕುರಿಗಳು ತೀರಿದ ಬಳಿಕ ಚೀಟಿಯೆತ್ತಿ ಮಕ್ಕಳನ್ನೂ ಕೊಡುತ್ತಿರುವರು. ರಾಜಕುಮಾರಿಯ ಸರದಿಯು ಬಂದಾಗ ಜಾರ್ಜನು ಅದನ್ನು ಈಟಿಯಿಂದ ಗಾಯಗೊಳಿಸುತ್ತಾನೆ. ಅವಳ ನಡುಪಟ್ಟಿಯನ್ನು ಕೊರಳಿಗೆ ಕಟ್ಟಿದೊಡನೆ ಅದು ಸಾಕಿದ ನಾಯಿಯಂತೆ ಅವಳ ಹಿಂದೆ ಊರೊಳಕ್ಕೆ ನಡೆದು ಬರುತ್ತದೆ. ಅನಂತರ, ಊರವರು ಕ್ರೈಸ್ತರಾಗಲೊಪ್ಪಿದ ಮೇಲೆ, ಅದನ್ನು ಕೊಲ್ಲುತ್ತಾನೆ. ಪಾಪವನ್ನು ಪಳಗಿಸಿದರೆ ಸಾಲದು, ಸಂಹರಿಸಲೇಬೇಕೆಂಬುದು ಕಥೆಯ ಇಂಗಿತ. ಇದೇ ಜಾರ್ಜನ ಗುರುತನ್ನು ಹೊತ್ತ ವೀರನೊಬ್ಬನು ಎಡ್ಮಂಡ್ ಸ್ಪೆನ್ಸರ್ ಕವಿಯು 1590ರಲ್ಲಿ ಪ್ರಕಟಿಸಿದ ‘ಫೇರಿ ಕ್ವೀನ್’ ಕಾವ್ಯದ ಪ್ರಥಮ ಕಾಂಡದಲ್ಲಿ ಮೂರು ದಿನಗಳ ವರೆಗೆ ಘಟಸರ್ಪದೊಡನೆ ಹೋರಾಡಿ ಗೆಲ್ಲುತ್ತಾನೆ.

ಆದರೆ ಅದೇ ಕಾವ್ಯದ ಅದೇ ಕಾಂಡದಲ್ಲಿ ರಾಜಕುಮಾರನಾದ ಆರ್ಥರನು ಪ್ರವೇಶಿಸುವಾಗ ಅವನ ಶಿರಸ್ತ್ರಾಣದ ಶಿಖರದಲ್ಲಿ ಹೊಳೆಯುವುದು ಯಾವುದು? ಬಂಗಾರದ ಡ್ರ್ಯಾಗನ್ನೇ! ಒಬ್ಬ ವೀರನು ಕೊಲ್ಲುವ ಪ್ರಾಣಿಯನ್ನು ಮತ್ತೊಬ್ಬ ವೀರನು ತಲೆಯ ಮೇಲೆ ಧರಿಸಿದ್ದಾನೆ. ಇದು ಕವಿಯ ಮರೆವಲ್ಲ. ಸುಮಾರು 1136ರಲ್ಲಿ ಜೆಫ್ರಿ ಆಫ್ ಮನ್ಮತ್ ಎಂಬವನು ಬರೆದ ಬ್ರಿಟನ್ನಿನ ರಾಜರ ಚರಿತ್ರೆಯಲ್ಲಿ ಕೆಂಪು ಸರ್ಪವು ಬ್ರಿಟನ್ನರ, ಬಿಳಿಯ ಸರ್ಪವು ಸ್ಯಾಕ್ಸನ್ನರ ಸಂಕೇತ. ಆರ್ಥರನ ತಂದೆಯು ಬಂಗಾರದ ಸರ್ಪವನ್ನು ಯುದ್ಧಕ್ಕೆ ಒಯ್ಯುತ್ತಿದ್ದನೆಂದೂ ಅಲ್ಲಿ ಹೇಳಿದೆ. 1485ರಲ್ಲಿ ಬಾಸ್‌ವರ್ತ್ ರಣದಲ್ಲಿ ಗೆದ್ದು ಪಟ್ಟಕ್ಕೆ ಬಂದ ಏಳನೆಯ ಹೆನ್ರಿಯು ಈ ಕೆಂಪು ಡ್ರ್ಯಾಗನ್ನನ್ನೇ ತನ್ನ ಲಾಂಛನಗಳಲ್ಲಿ ಒಂದನ್ನಾಗಿ ಮಾಡಿಕೊಂಡನು. ಸ್ಪೆನ್ಸರನು ತನ್ನ ಕಾವ್ಯವನ್ನು ಅರ್ಪಿಸಿದ ಎಲಿಜಬೆತ್ ರಾಣಿಯು ಆ ಹೆನ್ರಿಯ ಮೊಮ್ಮಗಳು. ಗುಡಿಯಲ್ಲಿ ಸೈತಾನನಾದುದು ಬಾವುಟದಲ್ಲಿ ಕುಲದೈವವಾಯಿತು.

ಸರ್ಪವನ್ನು ಮೂಲಪುರುಷನ ಸ್ಥಾನಕ್ಕೆ ಏರಿಸುವ ಈ ಪದ್ಧತಿಯು ಕನ್ನಡ ನಾಡಿನಲ್ಲಿ ಅದಕ್ಕಿಂತ ಹಿಂದೆಯೇ ಕಲ್ಲಿನಲ್ಲಿ ಕೊರೆಯಲ್ಪಟ್ಟಿದೆ. ಸಿಂಧನೂರಿನ ಪಶ್ಚಿಮಕ್ಕೆ ಇರುವ ಯಲಬುರ್ಗೆಯು ಶಾಸನಗಳ ಎರಂಬರಗೆ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ಸಿಂದರ ಒಂದು ಶಾಖೆಯ ರಾಜಧಾನಿ. ಬಾಗಡಗೆ, ಎಂದರೆ ಈಗಿನ ಬಾಗಲಕೋಟೆಯ ಸೀಮೆಯಲ್ಲಿ ಇನ್ನೊಂದು ಶಾಖೆಯಿತ್ತು. ಫ್ಲೀಟ್ ಮಹಾಶಯನು ಪ್ರಕಟಿಸಿದ ಭೈರನಮಟ್ಟಿಯ ಶಾಸನದಲ್ಲಿ ಈ ವಂಶದ ಉತ್ಪತ್ತಿಯು ಹೀಗೆ ವರ್ಣಿತವಾಗಿದೆ: ನಾಗರಾಜನಾದ ಧರಣೇಂದ್ರನು ಭೂಲೋಕವನ್ನು ನೋಡುವ ಕುತೂಹಲದಿಂದ ಪಾತಾಳದಿಂದ ಸಿಂಧುನದಿಯ ಸೀಮೆಯ ಅಹಿಚ್ಛತ್ರಕ್ಕೆ ಬಂದನು, ಅಲ್ಲಿ ಅವನಿಗೆ ದೀರ್ಘಬಾಹುವಾದ ಸಿಂದನೆಂಬ ಮಗನು ಹುಟ್ಟಿದನು, ಆ ಶಿಶುವನ್ನು ಸಾಕುವ ಭಾರವು ಒಂದು ಹುಲಿಗೆ ಒಪ್ಪಿಸಲ್ಪಟ್ಟಿತು, ಹುಲಿಯ ಹಾಲು ಕುಡಿದು ಬೆಳೆದ ಅವನು ಕದಂಬ ರಾಜಕುಮಾರಿಯನ್ನು ವರಿಸಿದನು. ಆದುದರಿಂದಲೇ ಸಿಂದರಿಗೆ ವ್ಯಾಘ್ರಲಾಂಛನ, ನಾಗಧ್ವಜ, ಪಾತಾಳದ ನಾಗನಗರಿಯಾದ ಭೋಗವತಿಯ ಒಡೆತನದ ಬಿರುದು.

ಫ್ರಾನ್ಸಿನಲ್ಲಿಯೂ ಇಂತಹದೊಂದು ಕುಲಕಥೆಯುಂಟು. ಜೀನ್ ದಾರಾಸ್ ಎಂಬವನು 1393ರಲ್ಲಿ ಮುಗಿಸಿದ ಮೆಲುಸೀನಳ ಕಥೆಯಲ್ಲಿ ಲುಸಿನ್ಯಾನ್ ಮನೆತನದ ಮೂಲಮಾತೆಯು ಶನಿವಾರಗಳಲ್ಲಿ ನಡುವಿನಿಂದ ಕೆಳಗೆ ಸರ್ಪಳಾಗುವಳು. ಗಂಡನು ಅವಳ ಸ್ನಾನಗೃಹದಲ್ಲಿ ಇಣಿಕಿ ನೋಡಿ, ಮುಂದೊಮ್ಮೆ ಸಿಟ್ಟಿನಲ್ಲಿ ಎಲ್ಲರೆದುರಿಗೆ ‘ಸರ್ಪವೇ’ ಎಂದು ನಿಂದಿಸುತ್ತಾನೆ. ಆಕೆಯು ಕೂಡಲೇ ಡ್ರ್ಯಾಗನ್ ರೂಪವನ್ನು ತಾಳಿ ಹಾರಿಹೋಗುತ್ತಾಳೆ. ಫ್ರೆಂಚರ ಕಥೆಯಲ್ಲಿ ಸರ್ಪಸಂಬಂಧವು ಮುಚ್ಚಿಡಬೇಕಾದ ಗುಟ್ಟು. ಬಯಲಾದೊಡನೆ ಸಂಸಾರವೇ ಮುರಿಯುವುದು. ಸಿಂದರಾದರೋ ಅದನ್ನು ದಾನಶಾಸನದ ಮೊದಲಿನಲ್ಲಿಯೇ ಊರೆಲ್ಲ ಓದುವಂತೆ ಬರೆಯಿಸಿದರು. ಕಥೆಯ ಬೀಜವು ಒಂದೇ ಬಗೆಯದಾದರೂ ನೆಲವು ಬೇರೆಯಾದುದರಿಂದ ಬೆಳೆಯು ಬೇರೆಯಾಯಿತು.

ಹಾಗೆಂದು ಕನ್ನಡ ನಾಡಿನಲ್ಲಿ ಸರ್ಪವು ಸದಾ ಪೂಜ್ಯವೇ ಆಗಿತ್ತೆಂದು ಹೇಳಲಾಗದು. ಬಾಗಡಗೆಯ ಸಿಂದರು ನಾಗಧ್ವಜವನ್ನು ಎತ್ತಿದ್ದ ಕಾಲದಲ್ಲಿಯೇ, ಅದೇ ಸೀಮೆಯ ಮುದುವೊಳಲಿನಲ್ಲಿ, ಎಂದರೆ ಮುಧೋಳದಲ್ಲಿ ಹುಟ್ಟಿದ ರನ್ನಕವಿಯು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ‘ಉರಗಪತಾಕ’ನೆಂದು ಕರೆದನು. ಅಲ್ಲಿ ಸರ್ಪವು ಅಭಿಮಾನದ, ಛಲದ, ಬಿಡದ ಹಗೆಯ ಗುರುತು. ಆದರೆ ಆ ದುರ್ಯೋಧನನೂ ಆ ಕಾವ್ಯದಲ್ಲಿ ಕೇವಲ ತುಚ್ಛನಲ್ಲ, ಮಹಾನುಭಾವತ್ವವುಳ್ಳ ಎದುರಾಳಿ. ಸ್ಪೆನ್ಸರನ ಘಟಸರ್ಪಕ್ಕೆ ಕರುಣೆಯು ಸಲ್ಲದು. ರನ್ನನ ಉರಗಪತಾಕನಿಗಾದರೋ ಓದುವವರ ಕಣ್ಣೀರು ಸಲ್ಲುತ್ತದೆ.

ಘಟಸರ್ಪವನ್ನು ಕೊಲ್ಲುವ ಜಾರ್ಜನಿಗೆ ಸರಿಗಟ್ಟುವ ವೀರನು ಕನ್ನಡ ನಾಡಿನಲ್ಲಿ ಇಲ್ಲವೆ ಎಂದರೆ, ಇದ್ದಾನೆ. ಸೊಸೆವೂರಿನಲ್ಲಿ ಗುರುವಿನ ಆಜ್ಞೆಯಂತೆ ಮೇಲೆರಗಿದ ಹುಲಿಯನ್ನು ಹೊಡೆದ ಸಳನೇ ಅವನು. ಹೊಯ್ಸಳ ವಂಶದ ಹೆಸರೇ ಆ ಏಟಿನಿಂದ ಬಂದುದೆಂದು ಶಾಸನಗಳು ಸಾರುತ್ತವೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಆ ಶಿಲ್ಪವನ್ನು ಕಾಣಬಹುದು. ಹುಲಿಯನ್ನು ಕೊಂದವರ ವಂಶವಿದು. ಹುಲಿಯ ಹಾಲು ಕುಡಿದವನ ವಂಶವದು. ಈ ಎರಡು ವಂಶಗಳೇ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಪರಸ್ಪರ ಕಾದಾಡಿದುವು. ಆರನೆಯ ವಿಕ್ರಮಾದಿತ್ಯನ ಪರವಾಗಿ ಎರಂಬರಗೆಯ ಎರಡನೆಯ ಆಚುಗಿಯು ಹೊಯ್ಸಳರನ್ನು ಹಿಮ್ಮೆಟ್ಟಿಸಿದನೆಂತಲೂ, ಅವನ ಮಗನಾದ ಪೆರ್ಮಾಡಿಯು ದೋರಸಮುದ್ರದ ವರೆಗೂ ಬೆನ್ನಟ್ಟಿದನೆಂತಲೂ ಸಿಂದರ ಶಾಸನಗಳು ಹೇಳುತ್ತವೆ. ಎರಡು ಕಡೆಯ ಗುರುತುಗಳಲ್ಲಿಯೂ ಇದ್ದುದು ಒಂದೇ ಹುಲಿ. ಒಬ್ಬರಿಗೆ ಅದು ಗೆದ್ದ ಭಯ, ಮತ್ತೊಬ್ಬರಿಗೆ ಉಂಡ ಋಣ.

ಋಣದ ಈ ಭಾವವು ಜೈನ ಪುರಾಣಗಳಲ್ಲಿ ಇನ್ನೂ ಮೃದುವಾಗಿ ಕಾಣುತ್ತದೆ. ಉರಿಯುವ ಕೊರಡಿನೊಳಗೆ ಸಿಕ್ಕ ಸರ್ಪದಂಪತಿಗಳಿಗೆ ಪಾರ್ಶ್ವನು ದಯೆದೋರುತ್ತಾನೆ. ಅವು ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟಿ, ವೈರಿಯು ಮಳೆಗರೆದಾಗ ಅವನ ತಲೆಯ ಮೇಲೆ ಹೆಡೆಯೆತ್ತಿ ಕಾಯುತ್ತವೆ. ಹೆಡೆಯ ಕೆಳಗೆ ನಿಶ್ಚಲವಾಗಿ ನಿಂತ ಪಾರ್ಶ್ವನಾಥನು ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಇಂದಿಗೂ ಕಾಣುವನು. ಸಿಂದರ ಮೂಲಪುರುಷನ ತಂದೆಗೂ ಧರಣೇಂದ್ರನೆಂಬ ಹೆಸರೇ ಇರುವುದು ಗಮನಿಸತಕ್ಕ ಸಂಗತಿ.

ಇಷ್ಟರಿಂದ ಒಂದು ವಿಷಯವು ವ್ಯಕ್ತವಾಗುತ್ತದೆ. ಸಂಕೇತದ ಅರ್ಥವು ಪ್ರಾಣಿಯ ಮೈಯಲ್ಲಿಲ್ಲ. ಮನುಷ್ಯನು ಅದರೊಡನೆ ಕಲ್ಪಿಸಿಕೊಂಡ ಸಂಬಂಧದಲ್ಲಿದೆ. ನಿಧಿ ಕಾಯುವುದೂ, ಶಿಶುವನ್ನು ಕಾಯುವುದೂ, ಮುನಿಯನ್ನು ಕಾಯುವುದೂ ಸರ್ಪವೇ. ಯಾವುದನ್ನು ಕಾಯುತ್ತದೆ ಎಂಬುದರ ಮೇಲೆ ಅದು ದೈತ್ಯವೋ ದೈವವೋ ಎಂಬ ನಿರ್ಣಯವು. ಹೀಗಿರುವಲ್ಲಿ ಪಾಶ್ಚಾತ್ಯರದು ಸರ್ಪದ್ವೇಷವೆಂದೂ ಭಾರತೀಯರದು ಸರ್ಪಭಕ್ತಿಯೆಂದೂ ಒಂದೇ ಮಾತಿನಲ್ಲಿ ಹೇಳಿಬಿಡುವುದು ಎರಡು ಸಾಹಿತ್ಯಗಳಿಗೂ ಅನ್ಯಾಯ.

ಆ ಭಕ್ತಿಯ ವಿಷಯದಲ್ಲಿಯೂ ಹೆಮ್ಮೆಪಡುವ ಮುನ್ನ ಯೋಚಿಸಬೇಕು. ಎರಂಬರಗೆಯ ಸಿಂದರು ಆಳುತ್ತಿದ್ದ ಆ 12ನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿದ್ದ ಬಸವಣ್ಣನವರು, ಕಲ್ಲಿನ ನಾಗನಿಗೆ ಹಾಲೆರೆದು ದಿಟದ ನಾಗನನ್ನು ಕೊಲ್ಲುವ ಜನರ ನಡತೆಯನ್ನು ಒಂದು ವಚನದಲ್ಲಿ ತೋರಿಸಿಕೊಟ್ಟರು. ಹಸಿದು ಬಂದ ಜಂಗಮನನ್ನು ಅಟ್ಟಿ, ಉಣ್ಣದ ಲಿಂಗಕ್ಕೆ ಎಡೆಯಿಡುವುದನ್ನೂ ಅದರ ಪಕ್ಕದಲ್ಲಿಯೇ ಇಟ್ಟರು. ಜಾರ್ಜನ ಕಥೆಯನ್ನು ಹೇಳಿದವರು ಸರ್ಪವನ್ನು ವೈರಿಯೆಂದು ಕರೆದು ಕೊಂದರು. ಅವರ ನುಡಿಗೂ ನಡೆಗೂ ವಿರೋಧವಿರಲಿಲ್ಲ. ದೇವರೆಂದು ಕರೆದು ಕೊಲ್ಲುವವರಿಗೆ ಆ ಸಮಾಧಾನವೂ ಇಲ್ಲ. ನಾಗರಪಂಚಮಿಯ ದಿವಸ ಹುತ್ತಕ್ಕೆ ಹಾಲೆರೆಯುವ ಮನೆಗಳಲ್ಲಿ, ಮರುದಿನ ಹೊಲದ ಬದುವಿನಲ್ಲಿ ಹಾವು ಕಂಡಾಗ ಕೈಯು ಬಡಿಗೆಗೆ ಹೋಗುವುದೋ, ಕಾಲು ಹಿಂದಕ್ಕೆ ಸರಿದು ದಾರಿ ಬಿಡುವುದೋ ಎಂಬುದರಲ್ಲಿ ಸಿಂದರ ನಾಗಧ್ವಜದ ಅರ್ಥವು ಇಂದಿಗೂ ಪರೀಕ್ಷೆಗೆ ಒಳಗಾಗುತ್ತದೆ.