ಶಾಲಾ ಬಸ್‌ಗೆ ಹಳದಿ ಬಣ್ಣವೇ ಯಾಕೆ? ಪೋಷಕರಿಗೆ ಗೊತ್ತಿರಬೇಕಾದ ಮಾಹಿತಿ

ಬೋರನಕಣಿವೆ: ಬೆಳಗಾದ್ರೆ ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ರಸ್ತೆಗಳಲ್ಲಿ ಕಾಯಿ, ಕೊಬ್ಬರಿ ಲೋಡಿನ ಗಾಡಿಗಳ ನಡುವೆ ಹಳದಿ ಬಸ್ಸುಗಳೂ ಓಡಾಡುತ್ತವೆ. ಶಾಲೆ ಯಾವುದೇ ಇರಲಿ, ಬಸ್ಸಿನ ಬಣ್ಣ ಮಾತ್ರ ಒಂದೇ. ಇದು ಅಂದಕ್ಕೆ ಹೊಡೆಸಿದ ಬಣ್ಣ ಅಲ್ಲ.

ಶುರುವಾಗಿದ್ದು 1939ರಲ್ಲಿ

ಮೊದಲು ಅಮೆರಿಕದಲ್ಲೂ ಶಾಲಾ ವಾಹನಗಳಿಗೆ ಒಂದೇ ನಿಯಮ ಇರಲಿಲ್ಲ. ಊರಿಗೊಂದು ಬಣ್ಣ, ಕೆಲವೆಡೆ ಕುದುರೆ ಗಾಡಿಯಲ್ಲೇ ಮಕ್ಕಳ ಪ್ರಯಾಣ. 1939ರ ಏಪ್ರಿಲ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರ್ಯಾಂಕ್ ಸೈರ್ ನ್ಯೂಯಾರ್ಕ್‌ನಲ್ಲಿ ಶಿಕ್ಷಣ ಅಧಿಕಾರಿಗಳು, ಬಸ್ ತಯಾರಕರು, ಬಣ್ಣದ ತಜ್ಞರ ಸಭೆ ಕರೆದರು. ಬಸ್ಸಿನ ಉದ್ದ, ಒಳಗಿನ ಎತ್ತರ, ಸೀಟುಗಳ ನಡುವಿನ ದಾರಿಯ ಅಗಲ ಹೀಗೆ 44 ಮಾನದಂಡ ನಿಗದಿಯಾದವು.

ಬಣ್ಣಕ್ಕಾಗಿ ನಿಂಬೆ ಹಳದಿಯಿಂದ ಕಡು ಕಿತ್ತಳೆವರೆಗಿನ ಪಟ್ಟಿಗಳನ್ನು ಗೋಡೆಗೆ ತೂಗುಹಾಕಿ ಆರಿಸಿದರು. ಮುಂಜಾವು, ಮುಸ್ಸಂಜೆಯ ಮಬ್ಬು ಬೆಳಕಲ್ಲೂ ಹಳದಿ ಬೇಗ ಕಣ್ಣಿಗೆ ಬೀಳುತ್ತೆ. ಅದರ ಮೇಲಿನ ಕಪ್ಪು ಅಕ್ಷರ ದೂರದಿಂದಲೇ ಓದಬಹುದು.

ನಮ್ಮ ದೇಶದಲ್ಲಿ

1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ ಯಮುನಾ ನದಿಗೆ ಬಿದ್ದು 28 ಮಕ್ಕಳು ಸತ್ತರು. ಮುಂದಿನ ತಿಂಗಳೇ, ಡಿಸೆಂಬರ್ 16ರಂದು, ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಶಾಲಾ ಬಸ್‌ಗಳಿಗೆ ಕಟ್ಟುನಿಟ್ಟಿನ ನಿರ್ದೇಶನ ಕೊಟ್ಟಿತು. ದೇಶದ ಶಾಲಾ ಬಸ್ ಮಾನದಂಡ ಎಐಎಸ್-063 ಕೂಡ ಶಾಲಾ ಬಸ್‌ಗೆ ಚಿನ್ನದ ಹಳದಿ ಬಣ್ಣವನ್ನೇ ಹೇಳುತ್ತದೆ.

ಮಕ್ಕಳನ್ನು ಹತ್ತಿಸೋ ಮುಂಚೆ ಇಷ್ಟು ನೋಡಿ

• ಹಿಂದೆ, ಮುಂದೆ ‘ಸ್ಕೂಲ್ ಬಸ್’ ಅಂತ ಬರೆದಿದೆಯಾ? ಬಾಡಿಗೆ ಬಸ್ ಆದರೆ ‘ಆನ್ ಸ್ಕೂಲ್ ಡ್ಯೂಟಿ’ ಅಂತ ಇದೆಯಾ?
• ಬಾಗಿಲು ಸರಿಯಾಗಿ ಮುಚ್ಚುತ್ತಾ? ಕಿಟಕಿಗೆ ಸರಳುಗಳಿವೆಯಾ?
• ಡ್ರೈವರ್ ಅಲ್ಲದೆ ಮಕ್ಕಳನ್ನು ಇಳಿಸಿ ಹತ್ತಿಸಲು ಇನ್ನೊಬ್ಬರು ಇದ್ದಾರಾ?
• ಡ್ರೈವರ್‌ಗೆ ದೊಡ್ಡ ವಾಹನ ಓಡಿಸಿದ 5 ವರ್ಷದ ಅನುಭವ ಇದೆಯಾ?
• ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ನಂದಿಸೋ ಸಿಲಿಂಡರ್, ಸ್ಪೀಡ್ ಗವರ್ನರ್ ಇವೆಯಾ?
• ಸೀಟಿಗಿಂತ ಹೆಚ್ಚು ಮಕ್ಕಳನ್ನು ತುಂಬಿದ್ದಾರಾ?

ಹಳೇ ಗಾಡಿಗೆ ಹಳದಿ ಬಳಿದ ಮಾತ್ರಕ್ಕೆ ಅದು ಶಾಲಾ ಬಸ್ ಆಗಲ್ಲ. ಫೀಸ್ ಕಟ್ಟೋ ಪೋಷಕರಿಗೆ ಇವನ್ನೆಲ್ಲ ಕೇಳುವ ಹಕ್ಕಿದೆ.

ಅಂಗಡಿಯವರು, ಗಾಡಿ ಓಡಿಸುವವರಲ್ಲೂ ಒಂದು ಮನವಿ. ಬಸ್ ನಿಲ್ಲುವ ಜಾಗದಲ್ಲಿ ಲೋಡ್ ಇಳಿಸಬೇಡಿ. ನಿಂತ ಹಳದಿ ಬಸ್ಸನ್ನು ಅವಸರದಲ್ಲಿ ಓವರ್‌ಟೇಕ್ ಮಾಡಬೇಡಿ. ಅದರ ಮುಂದಿನಿಂದ ರಸ್ತೆ ದಾಟುತ್ತಿರುವ ಮಗು ನಿಮಗೆ ಕಾಣಿಸೋದಿಲ್ಲ.