ಪಶುಪತಿಯ ಸನ್ನಿಧಿಯ ಪರದೇಶಿ ಅರ್ಚಕರು

ಉದ್ಯೋಗಾರ್ಥವಾಗಿ ನೆರೆಯ ದೇಶವನ್ನು ಪ್ರವೇಶಿಸುವವನಿಗೆ ಅವನ ಪರಕೀಯತೆಯೇ ಮೊದಲ ತೊಡಕು; ಆ ನಾಡಿನವರೇ ಮಾಡಬಲ್ಲ ಕೆಲಸಕ್ಕೆ ಹೊರಗಿನವನೇಕೆ ಎಂಬ ಪ್ರಶ್ನೆಗೆ ಸಮಾಧಾನ ಹೇಳದೆ ಅವನಿಗೆ ಗಡಿಯ ಬಾಗಿಲು ತೆರೆಯದು. ಆದರೆ ಕಾಠ್ಮಂಡುವಿನಲ್ಲಿ, ಬಾಗಮತೀ ನದಿಯ ದಡದ ಪಶುಪತಿನಾಥನ ಗರ್ಭಗೃಹದಲ್ಲಿ, ಶತಮಾನಗಳಿಂದ ನಡೆದುಬಂದಿರುವ ವೃತ್ತಿಯೊಂದಕ್ಕೆ ಪರದೇಶದವನಾಗಿರುವುದೇ ಒಂದು ಮುಖ್ಯ ಅರ್ಹತೆಯಾಗಿ ಪರಿಣಮಿಸಿದೆ. ಅಲ್ಲಿ ಪೂಜೆ ನಡೆಸುವವರು ದಕ್ಷಿಣ ಭಾರತದ ಭಟ್ಟರು. ಈಚಿನ ಕಾಲದಲ್ಲಂತೂ ಬಹುಮಟ್ಟಿಗೆ ಕರ್ಣಾಟಕದ, ಅದರಲ್ಲಿಯೂ ನಮ್ಮ ಕರಾವಳಿಯ ವೈದಿಕರು.

ಈ ಏರ್ಪಾಡನ್ನು ಶಂಕರಾಚಾರ್ಯರೇ ಮಾಡಿದರೆಂಬುದು ಐತಿಹ್ಯ. ಕಾಲ ತಿಳಿಯದ ವ್ಯವಸ್ಥೆಗಳಿಗೆಲ್ಲ ಆಚಾರ್ಯರನ್ನೇ ಕರ್ತೃಗಳನ್ನಾಗಿ ಮಾಡುವುದು ನಮ್ಮವರ ವಾಡಿಕೆಯಾದುದರಿಂದ ಅದನ್ನು ಅಷ್ಟಕ್ಕೇ ಬಿಡಬಹುದು. ನೇಪಾಳದ ವಂಶಾವಳಿಗಳು ಹದಿನೈದನೆಯ ಶತಮಾನದ ದೊರೆ ಯಕ್ಷಮಲ್ಲನು ದಾಕ್ಷಿಣಾತ್ಯ ಭಟ್ಟರನ್ನು ನಿಯಮಿಸಿದನೆಂದು ಹೇಳುತ್ತವೆ. ಇದು ಹೆಚ್ಚು ವಿಶ್ವಸನೀಯವಾದುದು. ಈ ಯಕ್ಷಮಲ್ಲನ ಅಜ್ಜಿಯಾದ ರಾಜಲ್ಲದೇವಿಯಾದರೋ ಕರ್ಣಾಟ ವಂಶದ ಹರಿಸಿಂಹದೇವನ ಮೊಮ್ಮಗಳು. ಚಾಲುಕ್ಯರ ದಂಡಯಾತ್ರೆಗಳ ಜೊತೆಯಲ್ಲಿ ಉತ್ತರಕ್ಕೆ ಹೋದವರೆಂದು ಇತಿಹಾಸಜ್ಞರು ಊಹಿಸುವ ಕರ್ಣಾಟರ ಪೈಕಿ ನಾನ್ಯದೇವನು 1097ರಲ್ಲಿ ಮಿಥಿಲೆಯಲ್ಲಿ ರಾಜ್ಯವನ್ನು ಸ್ಥಾಪಿಸಿದನು. ಅದರ ರಾಜಧಾನಿಯಾದ ಸಿಮ್ರೌನಗಡದ ಅವಶೇಷಗಳು ಇಂದು ನೇಪಾಳದ ಎಲ್ಲೆಯೊಳಗಿವೆ. 1324ರಲ್ಲಿ ಘಿಯಾಸುದ್ದೀನ್ ತುಘಲಕನ ಸೇನೆಗೆ ಆ ನಗರ ತುತ್ತಾದ ಮೇಲೆ ಹರಿಸಿಂಹನ ಪರಿವಾರ ಭಕ್ತಪುರದಲ್ಲಿ ಆಶ್ರಯ ಪಡೆಯಿತು. ಅಜ್ಜಿಯ ಕುಲಕ್ಕೂ ಮೊಮ್ಮಗನು ಕರೆಸಿದ ಅರ್ಚಕರಿಗೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವ ಆಸೆ ಕನ್ನಡಿಗನಿಗೆ ಸಹಜ. ಆದರೆ ಅದು ಆಸೆಯೇ ಹೊರತು ಪ್ರಮಾಣವಲ್ಲ.

ಪರದೇಶಿಯೇ ಏಕೆ ಬೇಕು ಎಂಬುದಕ್ಕೆ ಹೇಳಿಕೊಂಡು ಬಂದಿರುವ ಕಾರಣ ಧರ್ಮಶಾಸ್ತ್ರದ ಸೂಕ್ಷ್ಮವೊಂದನ್ನು ಅವಲಂಬಿಸಿದೆ. ರಾಜನು ಪ್ರಜೆಗಳಿಗೆ ಪಿತೃಸಮಾನನು. ಅವನು ತೀರಿಕೊಂಡರೆ ಆ ನೆಲದ ಪ್ರಜೆಗಳೆಲ್ಲರಿಗೂ ಅಶೌಚ ತಟ್ಟುತ್ತದೆ. ಅಶೌಚವುಳ್ಳವನು ದೇವರನ್ನು ಮುಟ್ಟಲಾಗದು. ಹೀಗಿರಲು ಅರ್ಚಕನೂ ಆ ರಾಜನ ಪ್ರಜೆಯೇ ಆಗಿದ್ದರೆ ನಾಲ್ಕು ದಿಕ್ಕಿಗೆ ನಾಲ್ಕು ಮುಖಗಳುಳ್ಳ ಆ ಲಿಂಗಕ್ಕೆ ಅಷ್ಟು ದಿನವೂ ಪೂಜೆಯಿಲ್ಲದಂತಾಗುತ್ತದೆ. ಅನ್ಯ ದೇಶದ ಬ್ರಾಹ್ಮಣನಿಗೆ ಈ ಸೂತಕವಿಲ್ಲ. 2001ರ ಜೂನ್ ತಿಂಗಳಲ್ಲಿ ದೊರೆ ಬೀರೇಂದ್ರನು ಅರಮನೆಯಲ್ಲಿ ಸಪರಿವಾರ ಹತನಾಗಿ, ನಗರದ ಗಂಡಸರು ಸಾಲುಸಾಲಾಗಿ ಕುಳಿತು ತಲೆ ಬೋಳಿಸಿಕೊಂಡಾಗ ಈ ನಿಯಮದ ಅರ್ಥ ಕಣ್ಣಿಗೆ ಕಾಣುವಂತಿತ್ತು. ನನಗೆ ತೋರುವಂತೆ ಇದರ ಹಿಂದೆ ರಾಜನೀತಿಯೂ ಇದ್ದಿರಬೇಕು: ಊರಿನಲ್ಲಿ ಬಂಧುಬಳಗವಿಲ್ಲದವನು ಯಾವ ಬಣಕ್ಕೂ ಸೇರಲಾರ. ಆದರೂ ಅವನನ್ನು ಒಬ್ಬನನ್ನೇ ಬಿಟ್ಟಿಲ್ಲ. ಪ್ರಧಾನ ಅರ್ಚಕನಾದ ಮೂಲಭಟ್ಟನೂ ಅವನ ಜೊತೆಯ ಭಟ್ಟರೂ ಲಿಂಗವನ್ನು ಮುಟ್ಟಬಹುದು. ಸ್ಥಳೀಯ ನೇವಾರ ಕುಲದ ಭಂಡಾರಿಗಳು ಪೂಜೆಗೆ ನೆರವಾಗಿ ಭಂಡಾರವನ್ನು ಕಾಯಬಹುದು, ಲಿಂಗವನ್ನು ಮುಟ್ಟುವಂತಿಲ್ಲ.

ಈ ಭಟ್ಟರು ಕಾಠ್ಮಂಡುವನ್ನು ತಲುಪುವ ದಾರಿ ಸುಗಮವಾಗಿರಲಿಲ್ಲ. ರಾಣಾ ಮಂತ್ರಿಗಳ ಆಳಿಕೆಯಲ್ಲಿ ನೇಪಾಳವು ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿದ ನಾಡು. ಶಿವರಾತ್ರಿಯ ಯಾತ್ರಿಕರಿಗೆ ಮಾತ್ರ ವರ್ಷಕ್ಕೊಮ್ಮೆ ಸಡಿಲಿಕೆ. 1927ರಲ್ಲಿ ರಕ್ಸೌಲಿನಿಂದ ಅಮಲೇಖಗಂಜಿಗೆ ರೈಲು ಬಂದ ಮೇಲೆಯೂ ಭೀಮಫೇದಿಯಿಂದ ಮುಂದಕ್ಕೆ ಚಂದ್ರಗಿರಿಯ ಕಣಿವೆಯನ್ನು ಕಾಲುನಡಿಗೆಯಿಂದಲೋ ಹೊರುವವರ ಹೆಗಲ ಮೇಲೋ ದಾಟಬೇಕಾಗಿತ್ತು. 1950ರ ಭಾರತ-ನೇಪಾಳ ಮೈತ್ರಿ ಒಪ್ಪಂದವು ಉಭಯ ದೇಶಗಳ ಪ್ರಜೆಗಳಿಗೆ ವಾಸ, ಸಂಚಾರ, ವ್ಯಾಪಾರಗಳ ಸೌಲಭ್ಯದ ಭರವಸೆ ಕೊಟ್ಟಿತು. 1956ರಲ್ಲಿ ಕಾಠ್ಮಂಡುವಿಗೆ ವಾಹನಗಳ ದಾರಿಯಾಗಿ ತ್ರಿಭುವನ ರಾಜಪಥ ತೆರೆಯಿತು.

2008ರ ಮೇ ತಿಂಗಳಲ್ಲಿ ನೇಪಾಳವು ಗಣರಾಜ್ಯವಾಯಿತು. ಅರಸನೇ ಇಲ್ಲದ ಮೇಲೆ ಅರಸನ ಸೂತಕವೆಲ್ಲಿಯದು? ಅದೇ ವರ್ಷದ ಕೊನೆಯಲ್ಲಿ ಪ್ರಧಾನಿ ಪ್ರಚಂಡರ ಸರಕಾರವು ಭಾರತೀಯ ಭಟ್ಟರ ರಾಜೀನಾಮೆಯನ್ನು ಅಂಗೀಕರಿಸಿ ಇಬ್ಬರು ನೇಪಾಳಿ ಅರ್ಚಕರನ್ನು ನಿಯಮಿಸಿತು. ಇದನ್ನು ಪ್ರತಿಭಟಿಸಿ ಬೀದಿಗಿಳಿದವರಲ್ಲಿ ಮುಂದಾದವರು, ಸೋಜಿಗದ ಸಂಗತಿಯೆಂದರೆ, ಆ ದೇಶದವರೇ ಆದ ಭಂಡಾರಿಗಳು. ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು; 2009ರ ಜನವರಿಯಲ್ಲಿ ಸರಕಾರ ಹಿಂದೆ ಸರಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದ ಕರ್ಣಾಟಕದ ಇಬ್ಬರು ಭಟ್ಟರ ಮೇಲೆ ದೇವಾಲಯದ ಆವರಣದಲ್ಲಿಯೇ ಹಲ್ಲೆ ನಡೆಯಿತು. ಹಲ್ಲೆಗೆ ಸಮರ್ಥನೆಯಿಲ್ಲ. ಆದರೆ ಹಲ್ಲೆ ಮಾಡಿದವರನ್ನು ಬದಿಗಿಟ್ಟು ನೋಡಿದರೆ, ನೇಪಾಳದ ವೈದಿಕನಿಗೆ ತನ್ನ ದೇಶದ ಅಧಿದೇವತೆಯನ್ನು ಮುಟ್ಟುವ ಯೋಗ್ಯತೆ ಏಕಿಲ್ಲವೆಂಬ ಪ್ರಶ್ನೆ ಅನ್ಯಾಯದ ಪ್ರಶ್ನೆಯಲ್ಲ. ಭಟ್ಟರು ಇಂದಿಗೂ ಅಲ್ಲಿದ್ದಾರೆ. ಅದು ಆ ನಾಡಿನವರು ತಮ್ಮ ಸಂಪ್ರದಾಯಕ್ಕೆ ತಾವೇ ಕೊಟ್ಟ ಮನ್ನಣೆಯಿಂದಲೇ ಹೊರತು, ಕನ್ನಡಿಗರಿಗೆ ಅಲ್ಲಿ ಇರುವ ಯಾವ ಹಕ್ಕಿನಿಂದಲೂ ಅಲ್ಲ.